ಪಾದ್ರಿಯ ಮನೆಗೆ ಅಪವಾದ ಬಂದಾಗ: ಯಾವ ಇಂಗ್ಲಿಷ್ ಕಾದಂಬರಿಯಿಂದ ಶುರು ಮಾಡಬೇಕು?

ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಗಳಲ್ಲಿ ಪಾದ್ರಿ ಇಲ್ಲದ ಊರು ಸಿಗುವುದು ಕಷ್ಟ. ಅವನ ಮನೆ ಚರ್ಚಿನ ಪಕ್ಕದಲ್ಲೇ ಇರುತ್ತದೆ. ಆ ಮನೆಗೆ ಯಾರು ಬಂದರು, ಯಾರು ಹೋದರು, ಯಾವ ಅಂಗಡಿಯಲ್ಲಿ ಎಷ್ಟು ಬಾಕಿ ಇದೆ, ಎಲ್ಲವೂ ಊರಿಗೆ ಗೊತ್ತು. ಅಂಥ ಮನೆಯ ಮೇಲೆ ಒಂದು ಅಪವಾದ ಬಂದರೆ ಏನಾಗುತ್ತದೆ? ಆ ಕಾಲದ ದೊಡ್ಡ ಲೇಖಕರಲ್ಲಿ ಹಲವರು ಇದನ್ನು ಬರೆದಿದ್ದಾರೆ. ಎಲ್ಲವನ್ನೂ ಓದುವಷ್ಟು ಪುರುಸೊತ್ತು ನಮಗಿಲ್ಲ. ಕೆಲವು ಪುಸ್ತಕಗಳಂತೂ ಇಟ್ಟಿಗೆಯಷ್ಟು ದಪ್ಪ. ಹಾಗಾಗಿ ನನಗೆ ತುಂಬಾ ಇಷ್ಟವಾದ ಆರೇಳನ್ನು ಪಕ್ಕಪಕ್ಕ ಇಟ್ಟು, ಯಾವುದು ಯಾರಿಗೆ ಹಿಡಿಸಬಹುದು ಎಂದು ಹೇಳುತ್ತೇನೆ.

ಪುಸ್ತಕ ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಈ ಪಾದ್ರಿಗೆ ಅನ್ನ ಹಾಕುವವರು ಯಾರು? ಅಪವಾದ ಎಷ್ಟು ಆಳಕ್ಕೆ ಇಳಿಯುತ್ತದೆ, ಯಾರ ಮೇಲೆ ಬೀಳುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂಬುದೆಲ್ಲ ಅದರ ಮೇಲೆಯೇ ನಿಂತಿದೆ.

ಮೊದಲು ಸಂಬಳದ ಲೆಕ್ಕ

ನಮ್ಮಲ್ಲಿ ಪಾದ್ರಿ ಎಂದ ಕೂಡಲೇ ಮದುವೆಯಾಗದ ಕ್ಯಾಥೊಲಿಕ್ ಫಾದರ್ ಕಣ್ಣಮುಂದೆ ಬರುತ್ತಾರೆ. ಇಂಗ್ಲೆಂಡಿನ ಆಂಗ್ಲಿಕನ್, ಅಂದರೆ ಸರ್ಕಾರಿ ಚರ್ಚಿನ, ಪಾದ್ರಿ ಸಂಸಾರಸ್ಥ. ಹೆಂಡತಿ, ಮನೆ ತುಂಬ ಮಕ್ಕಳು, ಕೆಲಸದವಳು, ಎಲ್ಲ ಇದ್ದಾರೆ. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಸಭೆಗಳು ಸೇರಿ ಆದ ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿನ ಸಭಾಪಾಲಕರನ್ನು ಬಲ್ಲವರಿಗೆ ಇದು ಹೊಸದಲ್ಲ. ಉಳಿದವರು ಇದೊಂದನ್ನು ನೆನಪಿಟ್ಟುಕೊಳ್ಳಬೇಕು. ಅವಮಾನ ಯಾವತ್ತೂ ಪಾದ್ರಿಯೊಬ್ಬನಿಗೇ ಆಗುವುದಿಲ್ಲ, ಅವನ ಊಟದ ಮೇಜಿನ ಸುತ್ತ ಕೂತವರಿಗೆಲ್ಲ ಆಗುತ್ತದೆ.

ಪಾದ್ರಿಗಳಲ್ಲೂ ಅಂತಸ್ತು ಇತ್ತು. ರೆಕ್ಟರ್‌ಗೆ ಊರಿನ ಬೆಳೆಯ ಹತ್ತನೇ ಒಂದು ಪಾಲು, ಅಂದರೆ ದಶಮಾಂಶ, ಪೂರ್ತಿ ಸಿಗುತ್ತಿತ್ತು. ವಿಕಾರ್‌ಗೆ ಅದರಲ್ಲಿ ಒಂದು ಭಾಗ ಮಾತ್ರ. 1836ರ ಕಾಯ್ದೆ ಬಂದ ಮೇಲೆ ಈ ಪಾಲು ಹಣಕ್ಕೆ ಬದಲಾಯಿತು. ಈ ಇಬ್ಬರೂ ಒಮ್ಮೆ ಕೂತರೆ ಹೆಚ್ಚುಕಮ್ಮಿ ಸಾಯುವವರೆಗೆ ಕೂತಂತೆ. ಬಿಷಪ್ ಸಿಟ್ಟಾದರೂ ಸುಮ್ನೆ ಎಬ್ಬಿಸಿ ಕಳಿಸುವಂತಿಲ್ಲ, ಕಾನೂನಿನ ದಾರಿಯಲ್ಲೇ ಹೋಗಬೇಕು. ಎಷ್ಟೋ ಊರುಗಳಲ್ಲಿ ಆ ಹುದ್ದೆಗೆ ಯಾರನ್ನು ಕೂರಿಸಬೇಕು ಎಂಬ ಹಕ್ಕು ಅಲ್ಲಿನ ಜಮೀನುದಾರನ ಕೈಯಲ್ಲಿರುತ್ತಿತ್ತು. ಆ ಹಕ್ಕನ್ನು ಮಾರಲೂಬಹುದಿತ್ತು, ಕೊಳ್ಳಲೂಬಹುದಿತ್ತು.

ಇವರ ಕೆಳಗೆ ಕ್ಯೂರೇಟ್. ಪ್ರಸಂಗ, ಅಂದರೆ ಚರ್ಚಿನಲ್ಲಿ ಧರ್ಮೋಪದೇಶ, ಮಾಡುವುದು, ಕಾಯಿಲೆಯವರನ್ನು ನೋಡುವುದು, ಹೆಣ ಹೂಳುವುದು ಎಲ್ಲ ಇವನೇ. ಆದರೆ ಸಂಬಳ ಕೊಡುವವನು ವಿಕಾರ್. ಅವನು ಸಾಕು ಎಂದರೆ ಗಂಟುಮೂಟೆ ಕಟ್ಟಬೇಕು. ‘ಪರ್ಪೆಚುವಲ್ ಕ್ಯೂರೇಟ್’ ಎಂಬ ಇನ್ನೊಂದು ಬಗೆಯೂ ಇತ್ತು. ಅವನ ಕೆಲಸ ಖಾಯಂ, ಸಂಬಳ ಮಾತ್ರ ಸಾಮಾನ್ಯವಾಗಿ ಕಡಿಮೆ. ಇನ್ನು ಸರ್ಕಾರಿ ಚರ್ಚಿನಿಂದ ಹೊರಗಿದ್ದ ಸಭೆಗಳ ಬೋಧಕ. ಅವನನ್ನು ಸಾಕುವವರು ಅವನ ಎದುರು ಬೆಂಚಿನಲ್ಲಿ ಕೂತು ಪ್ರಸಂಗ ಕೇಳುವವರೇ. ಇಷ್ಟು ಗೊತ್ತಿದ್ದರೆ ಕೆಳಗಿನ ಪುಸ್ತಕಗಳ ಅರ್ಧ ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಒಂದೇ ಒಂದು ಓದುವಿರಾದರೆ: ಇಪ್ಪತ್ತು ಪೌಂಡಿನ ಚೆಕ್

ಆಂಥನಿ ಟ್ರೊಲೋಪ್ ಅವರ ‘ದಿ ಲಾಸ್ಟ್ ಕ್ರಾನಿಕಲ್ ಆಫ್ ಬಾರ್ಸೆಟ್’ 1867ರದು. ದೊಡ್ಡ ಪುಸ್ತಕ, 84 ಅಧ್ಯಾಯ. ಆದರೂ ಇದನ್ನೇ ಮೊದಲು ಹೇಳುತ್ತಿದ್ದೇನೆ. ಮರ್ಯಾದೆ ಕಳೆದುಕೊಂಡ ಮನುಷ್ಯನ ತಲೆಯೊಳಗೆ ಇಷ್ಟು ಹೊತ್ತು ಕೂರಿಸುವ ಇನ್ನೊಂದು ಕಾದಂಬರಿ ಆ ಕಾಲದಲ್ಲಿ ನನಗೆ ಸಿಕ್ಕಿಲ್ಲ.

ಜೋಸೈಯಾ ಕ್ರಾಲಿ ಹಾಗಲ್‌ಸ್ಟಾಕ್ ಎಂಬ ಬಡ ಊರಿನ ಪರ್ಪೆಚುವಲ್ ಕ್ಯೂರೇಟ್. ವರ್ಷಕ್ಕೆ 130 ಪೌಂಡ್. ದೊಡ್ಡ ವಿದ್ವಾಂಸ. ಗ್ರೀಕ್ ಕಾವ್ಯವನ್ನು ಮಗಳಿಗೆ ತಾನೇ ಪಾಠ ಹೇಳುತ್ತಾನೆ. ಆದರೆ ಮಾಂಸದಂಗಡಿಯ ಬಾಕಿ ತೀರಿಸಲು ಕೈಯಲ್ಲಿ ಕಾಸಿಲ್ಲ. ಒಂದು ದಿನ ಆ ಬಾಕಿಯನ್ನು ಇಪ್ಪತ್ತು ಪೌಂಡಿನ ಚೆಕ್ಕಿನಿಂದ ತೀರಿಸುತ್ತಾನೆ. ಅವನ ಸುಮಾರು ಎರಡು ತಿಂಗಳ ಆದಾಯ ಅದು. ಆಮೇಲೆ ನೋಡಿದರೆ ಆ ಚೆಕ್ ಬೇರೆ ಯಾರೋ ಕಳೆದುಕೊಂಡದ್ದು. ಎಲ್ಲಿಂದ ಬಂತು ಎಂದು ಕೇಳಿದಾಗ ಕ್ರಾಲಿ ಮೊದಲು ಒಂದು ಹೇಳುತ್ತಾನೆ, ಆಮೇಲೆ ಇನ್ನೊಂದು. ಎರಡನ್ನೂ ಯಾರೂ ಒಪ್ಪುವುದಿಲ್ಲ. ಕೇಸು ಮೇಲಿನ ಕೋರ್ಟಿಗೆ ಹೋಗುತ್ತದೆ.

ಕದ್ದನೋ ಇಲ್ಲವೋ ಎಂಬುದು ಇಲ್ಲಿ ದೊಡ್ಡ ಪ್ರಶ್ನೆಯೇ ಅಲ್ಲ. ಆ ಚೆಕ್ ತನ್ನ ಕೈಗೆ ಹೇಗೆ ಬಂತು ಎಂಬುದು ಸ್ವತಃ ಕ್ರಾಲಿಗೇ ನೆನಪಿಲ್ಲ. ಬಡತನ, ಬೇಸರ, ನಿದ್ದೆಗೆಟ್ಟ ರಾತ್ರಿಗಳು ತನ್ನ ಬುದ್ಧಿಯನ್ನೇ ತಿಂದವೋ ಏನೋ, ತಾನೇ ಕದ್ದಿರಬಹುದೋ ಏನೋ ಎಂದು ಅವನು ಒಳಗೊಳಗೇ ಹೆದರುತ್ತಾನೆ. ಪ್ರಾಮಾಣಿಕ ಮನುಷ್ಯ ತನ್ನ ಪ್ರಾಮಾಣಿಕತೆಯನ್ನೇ ನಂಬದ ಸ್ಥಿತಿ ಇದು. ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಒಂದು ದೃಶ್ಯ ಹೇಳಲೇಬೇಕು. ಬಿಷಪ್ ಅವನನ್ನು ತನ್ನ ಅರಮನೆಗೆ ಕರೆಸುತ್ತಾನೆ. ಕ್ರಾಲಿ ನಡೆದೇ ಹೋಗುತ್ತೇನೆ ಎಂದು ಹಟ ಹಿಡಿಯುತ್ತಾನೆ. ಹೆಂಡತಿಗೆ ಅವನ ಹಟವೂ ಗೊತ್ತು, ಸೋತ ಮೈಯೂ ಗೊತ್ತು. ನೆರೆಯ ರೈತನೊಬ್ಬನಿಗೆ ಗುಟ್ಟಾಗಿ ಹೇಳಿ, ದಾರಿಯಲ್ಲಿ ಆಕಸ್ಮಿಕವಾಗಿ ಸಿಕ್ಕಂತೆ ಗಾಡಿ ಹತ್ತಿಸಿಕೊಳ್ಳುವ ಏರ್ಪಾಡು ಮಾಡುತ್ತಾಳೆ. ಉಳಿದ ದಾರಿ ಕಾಲ್ನಡಿಗೆ. ಕೆಸರಾದ ಬೂಟು, ಮಾಸಿದ ಕೋಟಿನಲ್ಲೇ ಅವನು ಬಿಷಪ್ ಎದುರು ನಿಲ್ಲುತ್ತಾನೆ. ಅಲ್ಲಿ ಬಿಷಪ್ ಪ್ರೌಡಿಗಿಂತ ಜಾಸ್ತಿ ಮಾತಾಡುವವಳು ಅವನ ಹೆಂಡತಿ. ಇಡೀ ಜಿಲ್ಲೆಯ ಪಾದ್ರಿಗಳು ಅವಳಿಗೆ ನಡುಗುತ್ತಾರೆ. ಕ್ರಾಲಿ ತಿರುಗಿ ‘ಸುಮ್ಮನಿರು, ಹೆಂಗಸೇ’ ಎಂದುಬಿಡುತ್ತಾನೆ. ಬಿಷಪ್ ಕುರ್ಚಿಯಿಂದ ದಿಗ್ಗನೆ ಏಳುತ್ತಾನೆ. ಅವನಿಗೆ ಆದದ್ದು ಸಿಟ್ಟಿಗಿಂತ ಜಾಸ್ತಿ ಮೆಚ್ಚುಗೆ ಎಂದು ಟ್ರೊಲೋಪ್ ಬರೆಯುತ್ತಾರೆ. ಹೆಂಗಸರ ಬಗ್ಗೆ ಕ್ರಾಲಿಯ ಮಾತು ಇವತ್ತು ಚುಚ್ಚುತ್ತದೆ, ನಿಜ. ಆದರೆ ಎಲ್ಲ ಕಳೆದುಕೊಂಡವನು ಎಲ್ಲ ಇದ್ದವರ ಮುಂದೆ ತಲೆ ಎತ್ತಿ ನಿಲ್ಲುವುದನ್ನು ಇಷ್ಟು ಚೆನ್ನಾಗಿ ಬರೆದದ್ದು ಅಪರೂಪ.

ಸಂಬಳದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಅವನ ಹುದ್ದೆ ಖಾಯಂ. ಬಿಷಪ್ ಬೇರೊಬ್ಬ ಪಾದ್ರಿಯನ್ನು ಆರಾಧನೆ ನಡೆಸಲು ಕಳಿಸಿದರೂ ಕ್ರಾಲಿ ಜಾಗ ಬಿಡುವುದಿಲ್ಲ, ಕಾನೂನು ಅವನ ಕಡೆಗಿದೆ. ಕೊನೆಗೆ ಅವನನ್ನು ಬಗ್ಗಿಸುವುದು ಅವನ ಮನಸ್ಸಾಕ್ಷಿಯೇ. ಆ ಹೊತ್ತಿನಲ್ಲಿ ಅವನಿಗೆ ಗಟ್ಟಿ ಮಾತು ಹೇಳುವವನು ಜೈಲ್ಸ್ ಹಾಗೆಟ್ ಎಂಬ ಮುದುಕ, ಮಳೆಯಲ್ಲಿ ನೆನೆದು ನಿಂತ ಇಟ್ಟಿಗೆ ಕೆಲಸದವನು. ಹಟ ಹಿಡಿದು ಮುಂದೆ ಹೋಗುತ್ತಿರಬೇಕು, ಸುಮ್ನೆ ಯೋಚಿಸುತ್ತಾ ಕೂತರೆ ಆಗದು ಎಂಬುದು ಅವನ ಮಾತಿನ ಸಾರ. ಗ್ರೀಕ್ ಬಲ್ಲವನು ಓದು ಬಾರದವನ ಮಾತನ್ನು ಮನೆವರೆಗೂ ಮೆಲುಕು ಹಾಕುತ್ತಾ ಬರುತ್ತಾನೆ.

ಮಗಳು ಗ್ರೇಸ್ ಶಾಲೆಯೊಂದರಲ್ಲಿ ಪಾಠ ಹೇಳುತ್ತಿರುತ್ತಾಳೆ. ಅಪ್ಪನ ಕೇಸು ಶುರುವಾದ ಮೇಲೆ ತಾನಾಗಿಯೇ ಪಾಠ ನಿಲ್ಲಿಸುತ್ತಾಳೆ. ಅವಳನ್ನು ಇಷ್ಟಪಟ್ಟ ಮೇಜರ್ ಗ್ರಾಂಟ್ಲಿಯ ಅಪ್ಪ ದೊಡ್ಡ ಸ್ಥಾನದ ಪಾದ್ರಿ, ಆರ್ಚ್‌ಡೀಕನ್. ಕಳ್ಳನ ಮಗಳನ್ನು ಸೊಸೆ ಮಾಡಿಕೊಳ್ಳಲಾರೆ, ಮದುವೆಯಾದರೆ ಹಣ ನಿಲ್ಲಿಸುತ್ತೇನೆ ಎನ್ನುತ್ತಾನೆ. ಮುಂದೇನಾಯಿತು, ಚೆಕ್ ಎಲ್ಲಿಂದ ಬಂತು ಎಂಬುದನ್ನು ಹೇಳುವುದಿಲ್ಲ. ನೀವೇ ಓದಬೇಕು.

ಒಂದು ಸಂಜೆ ಸಾಕು: ಏಮಸ್ ಬಾರ್ಟನ್

84 ಅಧ್ಯಾಯ ಎಂದು ಹೆದರಿದವರಿಗೆ ಇದು. ‘ಏಮಸ್ ಬಾರ್ಟನ್’ ಜಾರ್ಜ್ ಎಲಿಯಟ್ ಅವರ ಮೊದಲ ಕಥೆ. 1857ರಲ್ಲಿ ‘ಬ್ಲ್ಯಾಕ್‌ವುಡ್ಸ್’ ಮಾಸಪತ್ರಿಕೆಯಲ್ಲಿ ಬಂತು. ಮರುವರ್ಷ ಇನ್ನೆರಡು ಕಥೆಗಳ ಜೊತೆ ‘ಸೀನ್ಸ್ ಆಫ್ ಕ್ಲೆರಿಕಲ್ ಲೈಫ್’ ಎಂಬ ಪುಸ್ತಕವಾಯಿತು.

ಏಮಸ್ ಬರೀ ಕ್ಯೂರೇಟ್. ವರ್ಷಕ್ಕೆ 80 ಪೌಂಡ್. ಹೆಂಡತಿ ಮಿಲಿ, ಆರು ಮಕ್ಕಳು. ಎಷ್ಟೇ ಬಡತನವಿದ್ದರೂ ಹೊರಗೆ ಹೋಗುವಾಗ ಪಾದ್ರಿಗೆ ತಕ್ಕ ಒಳ್ಳೆಯ ಕಪ್ಪು ಕೋಟೇ ಬೇಕು. ಹರಿದ ಬಟ್ಟೆಗೆಲ್ಲ ಮಿಲಿಯ ಸೂಜಿದಾರವೇ ಗತಿ. ಏಮಸ್ ಕೆಟ್ಟವನೇನಲ್ಲ. ಆದರೆ ಅವನ ಪ್ರಸಂಗ ಸಪ್ಪೆ, ಮಾತು ಒರಟು, ಎದುರಿದ್ದವರ ಮನಸ್ಸು ಓದಲು ಬಾರದು. ಇಂಥ ಸಾಧಾರಣ ಮನುಷ್ಯನ ಕಥೆ ಯಾಕೆ ಓದಬೇಕು ಎಂದು ನೀವು ಕೇಳಬಹುದು ಎಂದು ಎಲಿಯಟ್ ಕಥೆಯ ನಡುವೆಯೇ ನಿಂತು ವಾದ ಮಾಡುತ್ತಾರೆ. ನಮ್ಮ ನಡುವೆ ಇರುವವರಲ್ಲಿ ಹೆಚ್ಚಿನವರು ಹೀಗೇ ಅಲ್ವಾ, ಅವರ ನೋವೂ ನೋವೇ ಎಂಬುದು ಆ ವಾದ.

ಊರಿಗೆ ಹೊಸದಾಗಿ ಬಂದ ಒಬ್ಬ ಕೌಂಟೆಸ್ (ದೊಡ್ಡ ಮನೆತನದ ಹೆಂಗಸಿನ ಬಿರುದು) ತನ್ನ ಅಣ್ಣನೊಂದಿಗೆ ಜಗಳವಾಡಿ ಪಾದ್ರಿ ಮನೆಗೆ ಬಂದು ಕೂರುತ್ತಾಳೆ. ವಾರಗಳು ಕಳೆದರೂ ಹೋಗುವುದಿಲ್ಲ. ಪಾದ್ರಿಗೂ ಕೌಂಟೆಸ್‌ಗೂ ಏನೋ ಇದೆ ಎಂದು ಊರಲ್ಲಿ ಗುಸುಗುಸು ಶುರುವಾಗುತ್ತದೆ. ಅಂಥದ್ದೇನೂ ಇಲ್ಲ. ನಿಜವಾದ ಹಾನಿ ಅಡುಗೆಮನೆಯಲ್ಲಿ ಆಗುತ್ತಿದೆ. ಎಂಬತ್ತು ಪೌಂಡಿನ ಮನೆಯಲ್ಲಿ ಇನ್ನೊಂದು ಬಾಯಿ, ಅದೂ ಒಳ್ಳೆಯ ಊಟ ಬೇಡುವ ಬಾಯಿ. ಮಿಲಿ ಏಳನೇ ಬಸಿರು, ಮೈಯಲ್ಲಿ ಶಕ್ತಿಯಿಲ್ಲ. ಹಾಗಿದ್ದೂ ಒಂದು ಮಾತಾಡುವುದಿಲ್ಲ. ಕೊನೆಗೆ ಬಾಯಿ ಬಿಡುವವಳು ಕೆಲಸದ ನ್ಯಾನಿ. ನಿನ್ನಿಂದ ನಮ್ಮ ಯಜಮಾನರ ಹೆಸರು ಹಾಳಾಗಿದೆ, ನಮ್ಮಮ್ಮ ದುಡಿದು ಸಾಯುತ್ತಿದ್ದಾರೆ ಎಂದು ಮುಖಕ್ಕೆ ಹೇಳಿಬಿಡುತ್ತಾಳೆ. ಕೌಂಟೆಸ್ ಹೊರಡುತ್ತಾಳೆ. ಆದರೆ ತಡವಾಗಿರುತ್ತದೆ.

ಇಲ್ಲಿ ಊರು ಬದಲಾಗುವ ರೀತಿಯನ್ನು ಗಮನಿಸಿ. ಏಮಸ್‌ನನ್ನು ಆಡಿಕೊಂಡವರೇ ಅವನ ಮನೆಯಲ್ಲಿ ಸಾವಾದಾಗ ಓಡಿ ಬರುತ್ತಾರೆ, ಹಣ ಕೂಡಿಸುತ್ತಾರೆ, ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅಪವಾದ ತಾನಾಗಿ ಕರಗುತ್ತದೆ. ಅಷ್ಟರಲ್ಲಿ ವಿಕಾರ್‌ನಿಂದ ಕಾಗದ ಬರುತ್ತದೆ. ಆ ಕೆಲಸ ಬೇರೊಬ್ಬನಿಗೆ ಬೇಕಾಗಿದೆ, ನೀನು ಬಿಡಬೇಕು. ಇಡೀ ಊರು ಕ್ಷಮಿಸಿದರೂ ಸಂಬಳ ಕೊಡುವವನ ಒಂದು ಸಾಲು ಅವನನ್ನು ಎತ್ತಿ ಹಾಕುತ್ತದೆ. ಕ್ರಾಲಿಯ ಖಾಯಂ ಹುದ್ದೆಯ ಪಕ್ಕದಲ್ಲಿ ಇದನ್ನಿಟ್ಟು ಓದಿದರೆ ಎರಡೂ ಇನ್ನಷ್ಟು ತಟ್ಟುತ್ತವೆ.

ಬರೆದವರ ಬದುಕೂ ಇದಕ್ಕೆ ಸೇರಿದ್ದೇ. ಜಾರ್ಜ್ ಎಲಿಯಟ್ ಅಂದರೆ ಮೇರಿಯನ್ ಇವಾನ್ಸ್. 1854ರಿಂದ ಅವರು, ಆಗಲೇ ಬೇರೊಬ್ಬರನ್ನು ಮದುವೆಯಾಗಿದ್ದ ಜಾರ್ಜ್ ಹೆನ್ರಿ ಲೂಯಿಸ್ ಜೊತೆ ಬಾಳುತ್ತಿದ್ದರು. ಲೂಯಿಸ್‌ಗೆ ವಿಚ್ಛೇದನ ಸಿಗುವಂತಿರಲಿಲ್ಲ. ಈ ಕಥೆ ಅಚ್ಚಾದ 1857ರಲ್ಲೇ ವಿಷಯ ತಿಳಿದ ಅಣ್ಣ ಐಸಾಕ್ ಮಾತು ಬಿಟ್ಟ. 1880ರಲ್ಲಿ ಅವರು ಬೇರೊಬ್ಬರನ್ನು ಕಾನೂನಿನ ಪ್ರಕಾರ ಮದುವೆಯಾದ ಮೇಲೆಯೇ ಅವನ ಕಾಗದ ಬಂದದ್ದು. ಆ ಕಥೆಗಳನ್ನು ಬರೆದವನು ಯಾರೋ ಪಾದ್ರಿಯೇ ಇರಬೇಕು ಎಂದು ಆಗ ಅನೇಕರು ನಂಬಿದ್ದರು. ಹೆಂಗಸಿನ ಕೈ ಎಂದು ಊಹಿಸಿದವರಲ್ಲಿ ಚಾರ್ಲ್ಸ್ ಡಿಕನ್ಸ್ ಒಬ್ಬರು.

ಪಾದ್ರಿಯೇ ಸುಳ್ಳು ಹೇಳಿದರೆ: ರೂತ್

ಎಲಿಜಬೆತ್ ಗ್ಯಾಸ್ಕೆಲ್ ಅವರ ‘ರೂತ್’ 1853ರಲ್ಲಿ ಬಂತು. ಗ್ಯಾಸ್ಕೆಲ್ ಅವರ ಗಂಡ ಮ್ಯಾಂಚೆಸ್ಟರಿನ ಯುನಿಟೇರಿಯನ್ ಸಭೆಯ ಬೋಧಕರು. ಹಾಗಾಗಿ ಸರ್ಕಾರಿ ಚರ್ಚಿನ ಹೊರಗಿನ ಪಾದ್ರಿಮನೆಯನ್ನು ಅವರು ಒಳಗಿನಿಂದ ಬಲ್ಲರು.

ರೂತ್ ತಬ್ಬಲಿ ಹುಡುಗಿ, ಹೊಲಿಗೆ ಕೆಲಸದವಳು. ಶ್ರೀಮಂತ ಯುವಕನೊಬ್ಬ ಅವಳನ್ನು ಕರೆದುಕೊಂಡು ಹೋಗಿ ನಡುನೀರಲ್ಲಿ ಕೈಬಿಡುತ್ತಾನೆ. ಬಸಿರಾದ ಅವಳನ್ನು ಥರ್ಸ್ಟನ್ ಬೆನ್ಸನ್ ಎಂಬ ಬೋಧಕ ಮತ್ತು ಅವನ ಅಕ್ಕ ಫೇತ್ ಮನೆಗೆ ಕರೆತರುತ್ತಾರೆ. ಊರಿಗೆ ಹೇಗೆ ಹೇಳುವುದು? ಗಂಡ ಸತ್ತವಳು, ದೂರದ ನೆಂಟಳು ಎಂದು ಹೇಳೋಣ ಎನ್ನುತ್ತಾಳೆ ಫೇತ್. ಬೆನ್ಸನ್ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪುತ್ತಾನೆ. ಮನೆಯ ಹಳೇ ಕೆಲಸದವಳು ಸ್ಯಾಲಿಗೆ ಮಾತ್ರ ಸಂಶಯ. ಅವಳು ಒಂದು ರಾತ್ರಿ ಕತ್ತರಿ ಹಿಡಿದು ಬಂದು ರೂತ್‌ಳ ಉದ್ದ ಕೂದಲನ್ನು ಕತ್ತರಿಸಿ, ವಿಧವೆಯರ ಟೋಪಿ ಹಾಕಿಕೋ ಎಂದು ಕೊಡುತ್ತಾಳೆ. ರೂತ್ ಒಂದು ಮಾತೂ ಆಡದೆ ತಲೆ ಬಗ್ಗಿಸಿ ಕೂರುತ್ತಾಳೆ. ಆ ಸುಮ್ಮನಿರುವಿಕೆ ಕಂಡು ಸ್ಯಾಲಿಯ ಕೈಯೇ ಮೆತ್ತಗಾಗುತ್ತದೆ. ವಿಧವೆಯ ತಲೆ ಬೋಳಿಸುತ್ತಿದ್ದ ಕಾಲವನ್ನು ಅಜ್ಜಿಯರಿಂದ ಕೇಳಿದ ನಮ್ಮ ಓದುಗರಿಗೆ ಈ ಪುಟ ದಾಟಲು ಕಷ್ಟವಾಗಬಹುದು.

ವರ್ಷಗಳ ಮೇಲೆ ಗುಟ್ಟು ಬಯಲಾಗುತ್ತದೆ. ಬೆನ್ಸನ್ ಸಭೆಯಲ್ಲಿ ಅತಿ ಹೆಚ್ಚು ದುಡ್ಡಿನವನು ಬ್ರಾಡ್‌ಶಾ. ತನ್ನ ಮಕ್ಕಳಿಗೆ ಪಾಠ ಹೇಳಲು ರೂತ್‌ಳನ್ನು ಇಟ್ಟುಕೊಂಡಿದ್ದವನು ಅವನೇ. ಈಗ ಅವಳನ್ನು ಮನೆಯಿಂದ ಓಡಿಸುತ್ತಾನೆ, ಚಾಪೆಲ್ಲಿಗೆ, ಅಂದರೆ ಆ ಸಭೆಯ ಪ್ರಾರ್ಥನಾ ಮಂದಿರಕ್ಕೆ, ಬರುವುದನ್ನೂ ನಿಲ್ಲಿಸುತ್ತಾನೆ. ಅವನ ಬೆಂಚು ಖಾಲಿಯಾಯಿತು ಎಂದರೆ ಬೋಧಕನ ಆದಾಯಕ್ಕೂ ಕತ್ತರಿ ಬಿತ್ತು ಎಂದೇ ಅರ್ಥ. ಇಲ್ಲಿ ಬಿಷಪ್ ಇಲ್ಲ, ಕೋರ್ಟು ಇಲ್ಲ. ಒಬ್ಬ ಶ್ರೀಮಂತನ ಕೋಪವೇ ತೀರ್ಪು.

ಕ್ರಾಲಿ, ಏಮಸ್ ಇಬ್ಬರೂ ಮಾಡದ ತಪ್ಪಿಗೆ ಬೈಸಿಕೊಂಡವರು. ಬೆನ್ಸನ್ ಮಾಡಿದ ತಪ್ಪು ನಿಜವಾದದ್ದು, ಆದರೆ ಕರುಣೆಯಿಂದ ಮಾಡಿದ್ದು. ಹೀಗಾಗಿ ನಾಲ್ಕು ಜನ ಕೂತು ಚರ್ಚಿಸುವ ಓದುಗರ ಬಳಗಕ್ಕೆ ಇದರಷ್ಟು ಒಳ್ಳೆಯ ಪುಸ್ತಕ ಇಲ್ಲ. ಆ ಸುಳ್ಳು ಸರಿಯೇ? ಹೇಳದಿದ್ದರೆ ಆ ಮಗುವಿನ ಗತಿ ಏನಾಗುತ್ತಿತ್ತು? ಪುಸ್ತಕ ಬಂದಾಗ ಗ್ಯಾಸ್ಕೆಲ್ ಅವರ ಸ್ವಂತ ಚಾಪೆಲ್ಲಿಗೆ ಬರುತ್ತಿದ್ದ ಇಬ್ಬರು ಗಂಡಸರು ಮೊದಲ ಸಂಪುಟವನ್ನು ಸುಟ್ಟರು. ಮದುವೆಯಿಲ್ಲದೆ ತಾಯಿಯಾದ ಹುಡುಗಿಯನ್ನು ನಾಯಕಿ ಮಾಡಿದ್ದೇ ಅಪರಾಧವಾಗಿ ಕಂಡಿತು.

ಒಂದು ದೂರು ನನಗೂ ಇದೆ. ರೂತ್ ಜ್ವರದ ಆಸ್ಪತ್ರೆಯಲ್ಲಿ ದಾದಿಯಾಗಿ ಊರಿನ ಗೌರವ ಮತ್ತೆ ಗಳಿಸುತ್ತಾಳೆ, ಆಮೇಲೆ ಕಥೆ ಅವಳನ್ನು ಸಾಯಿಸುತ್ತದೆ. ಅವಳು ಯಾಕೆ ಸಾಯಬೇಕು ಎಂದು ಚಾರ್ಲೆಟ್ ಬ್ರಾಂಟೆ ಲೇಖಕಿಗೇ ಕಾಗದ ಬರೆದು ಕೇಳಿದ್ದರು. ಸ್ವತಃ ಪಾದ್ರಿಯ ಮಗಳಾದ ಬ್ರಾಂಟೆಯ ಪ್ರಶ್ನೆಯೇ ನನ್ನದೂ.

ಅವಮಾನದ ಜೊತೆ ಸ್ವಲ್ಪ ಬಿಸಿಲೂ ಬೇಕೆಂದರೆ

ಮತ್ತೆ ಟ್ರೊಲೋಪ್. ಅವರ ‘ದಿ ವಾರ್ಡನ್’ 1855ರದು, ಬರೀ 21 ಅಧ್ಯಾಯ. ಇಂಗ್ಲಿಷ್ ಹಳೇ ಕಾದಂಬರಿ ಓದಿ ರೂಢಿಯಿಲ್ಲದವರು ಇದರಿಂದ ಶುರು ಮಾಡಬಹುದು. ಸೆಪ್ಟಿಮಸ್ ಹಾರ್ಡಿಂಗ್ ಮೆದು ಮನಸ್ಸಿನ ಮುದಿ ಪಾದ್ರಿ, ಹನ್ನೆರಡು ಬಡ ಮುದುಕರ ಆಶ್ರಮವೊಂದರ ಮೇಲ್ವಿಚಾರಕ. ಅವನಿಗೆ ವರ್ಷಕ್ಕೆ 800 ಪೌಂಡ್. ಮುದುಕರಿಗೆ ತಲಾ ದಿನಕ್ಕೆ ಒಂದು ಶಿಲಿಂಗ್ ನಾಲ್ಕು ಪೆನ್ಸ್, ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 24 ಪೌಂಡ್. ಅದರ ಮೇಲೆ ತಲಾ ಎರಡು ಪೆನ್ಸ್ ಹಾರ್ಡಿಂಗ್ ತನ್ನ ಜೇಬಿನಿಂದ ಕೊಡುತ್ತಾನೆ. ಇದು ನ್ಯಾಯವೇ ಎಂದು ಒಬ್ಬ ಯುವಕ ಕೇಳುತ್ತಾನೆ, ಪತ್ರಿಕೆಯೊಂದು ಹಾರ್ಡಿಂಗ್ ಹೆಸರು ಎತ್ತಿ ಬರೆಯುತ್ತದೆ. ಬಡವರ ಹಣ ತಿಂದವನು ಎಂಬ ಹಣೆಪಟ್ಟಿ ಬೀಳುತ್ತದೆ.

ಕಾನೂನು ಹಾರ್ಡಿಂಗ್ ಪರವಾಗಿಯೇ ಇದೆ. ಅಳಿಯ ಆರ್ಚ್‌ಡೀಕನ್ ಬಿಡಬೇಡಿ ಎಂದು ಗುಡುಗುತ್ತಾನೆ. ಆದರೆ ಮುದುಕನಿಗೆ ಬೇಕಾದ್ದು ಗೆಲುವಲ್ಲ. ಆ ಹಣ ತನಗೆ ನ್ಯಾಯವಾಗಿ ಸೇರಿದ್ದೋ ಅಲ್ಲವೋ ಎಂಬ ಒಂದೇ ಪ್ರಶ್ನೆ ಅವನನ್ನು ಕಾಡುತ್ತದೆ. ಮನಸ್ಸು ಕಲಕಿದಾಗಲೆಲ್ಲ ಅವನ ಕೈಗಳು ಗಾಳಿಯಲ್ಲಿ ಇಲ್ಲದ ಚೆಲ್ಲೋ ನುಡಿಸುತ್ತವೆ. ಮಾತು ಜೋರಾದಷ್ಟೂ ಕಮಾನು ಜೋರಾಗಿ ಓಡುತ್ತದೆ. ಟ್ರೊಲೋಪ್ ಯಾವ ಕಡೆಗೂ ಪೂರ್ತಿ ವಾಲುವುದಿಲ್ಲ. ಸುಧಾರಕ ಕೇಳಿದ ಪ್ರಶ್ನೆ ಸರಿ, ಆದರೆ ಅದರಿಂದ ಆ ಮುದುಕರಿಗೆ ಒಳ್ಳೆಯದಾಯಿತೇ ಎಂದು ಕೊನೆಯ ಅಧ್ಯಾಯಗಳಲ್ಲಿ ನೋಡಿ. ಆ ಕಾಲದಲ್ಲಿ ವಿಂಚೆಸ್ಟರಿನ ಸೇಂಟ್ ಕ್ರಾಸ್ ಆಶ್ರಮದ ಹಣದ ಬಗ್ಗೆ ಇಂಥದೇ ಗಲಾಟೆ ನಿಜವಾಗಿ ನಡೆದಿತ್ತು.

‘ಫ್ರಾಮ್ಲಿ ಪಾರ್ಸನೇಜ್’ ಕೂಡ ಟ್ರೊಲೋಪ್ ಅವರದೇ, 1861ರದು. ಇದರ ವಿಕಾರ್ ಮಾರ್ಕ್ ರಾಬರ್ಟ್ಸ್‌ಗೆ ಬಡತನದ ಗಂಧವೇ ಇಲ್ಲ. ದೊಡ್ಡವರ ಸಹವಾಸದ ಆಸೆಗೆ ಒಬ್ಬ ಸಂಸತ್ ಸದಸ್ಯನ ಸಾಲದ ಕಾಗದಕ್ಕೆ ಸಹಿ ಹಾಕುತ್ತಾನೆ, ಮೊದಲು 400 ಪೌಂಡಿಗೆ, ಆಮೇಲೆ 500ಕ್ಕೆ. ಕೊನೆಗೆ ಜಪ್ತಿಯವರು ಪಾದ್ರಿಮನೆಯ ಕುರ್ಚಿ ಮೇಜುಗಳ ಪಟ್ಟಿ ಮಾಡುತ್ತಾ ನಿಲ್ಲುತ್ತಾರೆ. ಸ್ನೇಹಿತನ ಸಾಲಕ್ಕೆ ಜಾಮೀನು ಹಾಕಿ ಕೈ ಸುಟ್ಟುಕೊಂಡವರನ್ನು ಕಂಡವರೆಲ್ಲ ಇದನ್ನು ಓದಬೇಕು. ಉಳಿದಂತೆ ಕಥೆ ಹಗುರ, ಮದುವೆಗಳಿವೆ, ಮನಸ್ಸಿಗೆ ಹಿತ. ಕ್ರಾಲಿಯ ಕುಟುಂಬ ಇದರಲ್ಲೂ ಬರುತ್ತದೆ.

ಪಾದ್ರಿ ಬಾಗಿಲು ಮುಚ್ಚಿದಾಗ: ಟೆಸ್

ಥಾಮಸ್ ಹಾರ್ಡಿಯವರ ‘ಟೆಸ್’ 1891ರದು. ಅಷ್ಟು ಹೊತ್ತಿಗೆ ಕೋನವೇ ತಿರುಗಿಬಿಟ್ಟಿದೆ. ಇಲ್ಲಿ ಅವಮಾನ ಹೊತ್ತವಳು ಹಳ್ಳಿಯ ಬಡ ಹುಡುಗಿ. ಪಾದ್ರಿ ಅವಳ ಎದುರು ಬದಿಯಲ್ಲಿದ್ದಾನೆ. ಇಡೀ ಕಾದಂಬರಿ ಪಾದ್ರಿಗಳ ಬಗ್ಗೆ ಅಲ್ಲ, ಆದರೆ 14ನೇ ಅಧ್ಯಾಯ ಒಂದಕ್ಕಾಗಿಯೇ ಈ ಪಟ್ಟಿಗೆ ಸೇರಿಸಿದ್ದೇನೆ.

ಟೆಸ್‌ಳ ಮಗು ಸಾಯುತ್ತಿದೆ, ಅದನ್ನು ಕ್ರೈಸ್ತ ಧರ್ಮಕ್ಕೆ ಸೇರಿಸುವ ದೀಕ್ಷಾಸ್ನಾನ ಆಗಿಲ್ಲ. ಮನೆಯ ಮಾನ ಹೋಗುತ್ತದೆ ಎಂದು ಅಪ್ಪ ಪಾದ್ರಿಯನ್ನು ಒಳಗೆ ಬಿಡುವುದಿಲ್ಲ. ನಡುರಾತ್ರಿ ಅವಳು ತಮ್ಮ ತಂಗಿಯರನ್ನು ಎಬ್ಬಿಸಿ ಮೊಣಕಾಲೂರಿಸಿ, ಮೇಣದ ಬತ್ತಿ ಹಚ್ಚಿ, ತಾನೇ ನೀರು ಹಾಕಿ, ‘ಸಾರೋ’ ಎಂದು ಹೆಸರಿಡುತ್ತಾಳೆ. ನೋವು ಎಂದೇ ಆ ಹೆಸರಿನ ಅರ್ಥ. ಬೆಳಗಾಗುವಷ್ಟರಲ್ಲಿ ಮಗು ಇಲ್ಲ. ಆಮೇಲೆ ಪಾದ್ರಿಯನ್ನು ಕಂಡು, ನಾನು ಮಾಡಿದ್ದು ನೀವು ಮಾಡಿದಷ್ಟೇ ಆಯಿತಲ್ಲವೇ ಎಂದು ಕೇಳುತ್ತಾಳೆ. ಅವನ ಮನಸ್ಸು ಕರಗಿ ಹೌದು ಎನ್ನುತ್ತಾನೆ. ಹಾಗಾದರೆ ಚರ್ಚಿನ ವಿಧಿಯಂತೆ ಹೂಳುತ್ತೀರಾ ಎಂದರೆ, ಆಗುವುದಿಲ್ಲ ಎನ್ನುತ್ತಾನೆ. ಮಗುವನ್ನು ರಾತ್ರಿ ಹೊತ್ತು, ತುರುಚೆ ಬೆಳೆಯುವ ಮೂಲೆಯಲ್ಲಿ ಹೂಳುತ್ತಾರೆ. ಎರಡು ಪಟ್ಟಿ ಕಟ್ಟಿಗೆ, ಒಂದಿಷ್ಟು ದಾರದಿಂದ ಅವಳು ಶಿಲುಬೆ ಮಾಡುತ್ತಾಳೆ. ಹೂವಿಡಲು ಹಳೇ ಮಾರ್ಮಲೇಡ್ ಜಾಡಿ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಈ ಭಾಗವನ್ನು ಬಿಡಬೇಕಾಯಿತು. ಅದು ಬೇರೊಂದು ಪತ್ರಿಕೆಯಲ್ಲಿ ಬಿಡಿಯಾಗಿ ಅಚ್ಚಾಯಿತು.

ಬೆನ್ಸನ್ ನಿಯಮ ಮುರಿದು ಬಾಗಿಲು ತೆರೆದ, ಈ ಪಾದ್ರಿ ನಿಯಮಕ್ಕೆ ಹೆದರಿ ಬಾಗಿಲು ಮುಚ್ಚಿದ. ‘ರೂತ್’ ಓದಿದ ಮೇಲೆ ‘ಟೆಸ್’ ಓದಿದರೆ ಇದು ಚೆನ್ನಾಗಿ ಕಾಣುತ್ತದೆ. ಮನಸ್ಸು ಆಗಲೇ ಭಾರವಾಗಿರುವ ದಿನಗಳಲ್ಲಿ ಮಾತ್ರ ಇದನ್ನು ಕೈಗೆತ್ತಿಕೊಳ್ಳಬೇಡಿ.

ಉಳಿದವು, ಮತ್ತು ಓದುವ ಕ್ರಮ

‘ಡಾ. ವರ್ಟಲ್ಸ್ ಸ್ಕೂಲ್’ (1881) ಟ್ರೊಲೋಪ್ ಕೊನೆಗಾಲದಲ್ಲಿ ಬರೆದ ಸಣ್ಣ ಪುಸ್ತಕ. ಜನಕ್ಕೆ ಅಷ್ಟು ಗೊತ್ತಿಲ್ಲ, ಗೊತ್ತಿರಬೇಕಿತ್ತು. ವರ್ಟಲ್ ಒಂದು ಊರಿನ ರೆಕ್ಟರ್, ಜೊತೆಗೆ ದೊಡ್ಡವರ ಮಕ್ಕಳಿಗೆ ಶಾಲೆ ನಡೆಸುತ್ತಾನೆ. ಅಲ್ಲಿ ಪಾಠ ಹೇಳುವ ಪಾದ್ರಿ ಪೀಕಾಕ್ ಮತ್ತು ಅವನ ಹೆಂಡತಿಯ ಮದುವೆ ಕಾನೂನಿಗೆ ಸರಿಹೋಗುವುದಿಲ್ಲ. ಸತ್ತ ಎಂದು ನಂಬಿದ್ದ ಅವಳ ಮೊದಲ ಗಂಡ ಬದುಕಿದ್ದ ಎಂದು ಆಮೇಲೆ ತಿಳಿಯಿತು. ಈ ಗುಟ್ಟನ್ನು ಟ್ರೊಲೋಪ್ ಪುಸ್ತಕದ ಆರಂಭದಲ್ಲೇ ಬಿಚ್ಚಿಡುತ್ತಾರೆ. ಕುತೂಹಲದ ಆಟ ಅವರಿಗೆ ಬೇಡ. ಅವರಿಗೆ ಬೇಕಾದ್ದು ವರ್ಟಲ್ ಏನು ಮಾಡುತ್ತಾನೆ ಎಂಬುದು. ಅವನು ಇವರನ್ನು ಬಿಟ್ಟುಕೊಡುವುದಿಲ್ಲ. ತಂದೆತಾಯಿಗಳು ಒಬ್ಬೊಬ್ಬರಾಗಿ ಹುಡುಗರನ್ನು ಬಿಡಿಸಿಕೊಳ್ಳುತ್ತಾರೆ, ಪತ್ರಿಕೆ ಕೊಂಕು ಬರೆಯುತ್ತದೆ, ಬಿಷಪ್ ಕಾಗದ ಬರೆಯುತ್ತಾನೆ. ವರ್ಟಲ್‌ಗೆ ರೆಕ್ಟರ್ ಹುದ್ದೆ ಭದ್ರ. ಬೆನ್ಸನ್‌ಗೆ ಇಲ್ಲದ ಧೈರ್ಯ ಅವನಿಗೆ ಅಲ್ಲಿಂದಲೂ ಸ್ವಲ್ಪ ಬಂದಿದೆ ಎಂದು ನನಗನ್ನಿಸುತ್ತದೆ. ಆದರೂ ಶಾಲೆಯ ಫೀಸು ಕಣ್ಣೆದುರೇ ಕರಗುವಾಗ ನಿಲ್ಲುವುದು ಸಣ್ಣ ಮಾತಲ್ಲ.

ಮಾರ್ಗರೆಟ್ ಒಲಿಫಂಟ್ ಅವರ ‘ದಿ ಪರ್ಪೆಚುವಲ್ ಕ್ಯೂರೇಟ್’ (1864) ಕೂಡ ಹೆಣ್ಣಿನ ವಿಷಯದಲ್ಲಿ ಸುಳ್ಳು ಅಪವಾದ ಹೊತ್ತ ಯುವ ಪಾದ್ರಿಯ ಕಥೆ. ಏಮಸ್ ಇಷ್ಟವಾದರೆ ಆಮೇಲೆ ನೋಡಿ, ಮೊದಲಿಗೆ ಬೇಡ.

ಬಾರ್ಸೆಟ್ ಎಂಬ ಕಲ್ಪಿತ ಜಿಲ್ಲೆಯ ಮೇಲೆ ಟ್ರೊಲೋಪ್ ಬರೆದ ಸರಣಿಯಲ್ಲಿ ಒಟ್ಟು ಆರು ಕಾದಂಬರಿಗಳಿವೆ. ಆರನ್ನೂ ಓದಿದ ಮೇಲೆಯೇ ಕ್ರಾಲಿಗೆ ಬರಬೇಕು ಎಂದೇನಿಲ್ಲ. ‘ವಾರ್ಡನ್’, ‘ಬಾರ್ಚೆಸ್ಟರ್ ಟವರ್ಸ್’, ‘ಫ್ರಾಮ್ಲಿ ಪಾರ್ಸನೇಜ್’ ಮೂರು ಓದಿ ‘ಲಾಸ್ಟ್ ಕ್ರಾನಿಕಲ್’ಗೆ ಬಂದರೆ ಹಾರ್ಡಿಂಗ್, ಆರ್ಚ್‌ಡೀಕನ್, ಪ್ರೌಡಿ ದಂಪತಿ ಎಲ್ಲ ಪರಿಚಯದವರಾಗಿರುತ್ತಾರೆ. ಅಷ್ಟೂ ಆಗದಿದ್ದರೆ ‘ವಾರ್ಡನ್’ ಒಂದಾದರೂ ಓದಿಕೊಳ್ಳಿ. ‘ಲಾಸ್ಟ್ ಕ್ರಾನಿಕಲ್’ನಲ್ಲಿ ಲಂಡನ್ನಿನ ಚಿತ್ರಕಾರ ಮತ್ತು ಅವನ ಶ್ರೀಮಂತ ಗೆಳೆಯರ ಅಧ್ಯಾಯಗಳು ಬರುತ್ತವೆ. ಅಲ್ಲಿ ಬೇಸರವಾದರೆ ಹಾರಿಸಿ ಹೋಗಿ, ಕ್ರಾಲಿಯ ಕಥೆಗೆ ಏನೂ ಕೊರತೆಯಾಗದು.

ಭಾಷೆಯ ವಿಷಯ. ಟ್ರೊಲೋಪ್ ಅವರ ಇಂಗ್ಲಿಷ್ ಎಲ್ಲಕ್ಕಿಂತ ಸಲೀಸು. ಕ್ರಾಲಿ ಮಾತ್ರ ಬೈಬಲ್ಲಿನ ಧಾಟಿಯಲ್ಲಿ ಮಾತಾಡುತ್ತಾನೆ. ಎಲಿಯಟ್ ಅವರ ವಾಕ್ಯಗಳು ಉದ್ದ, ಹಳ್ಳಿಯವರ ಆಡುಮಾತೂ ಇದೆ. ಮೊದಲ ಅಧ್ಯಾಯ ತಾಳ್ಮೆಯಿಂದ ದಾಟಿದರೆ ಆಮೇಲೆ ಓದು ಓಡುತ್ತದೆ. ಎಲ್ಲವೂ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳು, ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕಿವಿಯಲ್ಲಿ ಕೇಳುವುದೇ ಇಷ್ಟವಾದರೆ ಲಿಬ್ರಿವಾಕ್ಸ್ ಇದೆ. ಅಚ್ಚಾದ ಪ್ರತಿ ಕೊಳ್ಳುವವರು ಟಿಪ್ಪಣಿ ಇರುವ ಆವೃತ್ತಿಯನ್ನೇ ಆರಿಸಿ. ಚರ್ಚಿನ ಹುದ್ದೆಗಳು, ಆ ಕಾಲದ ಸಾಲದ ಕಾಗದಗಳು, ಶಿಲಿಂಗ್ ಪೆನ್ಸಿನ ಲೆಕ್ಕ ಅದರಲ್ಲಿ ಬಿಡಿಸಿ ಹೇಳಿರುತ್ತಾರೆ.